ಶೂ ಡಬ್ಬದಷ್ಟು ಜಾಗ, ಹತ್ತು ಸಿನಿಮಾ



ಕಳೆದ ತಿಂಗಳು ಒಂದು ಶನಿವಾರ ಬೆಳಗ್ಗೆ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ ಕೂಟದ ಕಾರ್ಯದರ್ಶಿಯಿಂದ ಫೋನ್ ಬಂತು. "ಅಂಕಲ್, ಸ್ಟೋರೇಜ್ ಯೂನಿಟ್ ಖಾಲಿ ಮಾಡ್ತಾ ಇದ್ದೀವಿ. ತಿಂಗಳು ತಿಂಗಳು ಬಾಡಿಗೆ ಕಟ್ಟೋದು ದಂಡ ಅಂತ ಕಮಿಟೀಲಿ ತೀರ್ಮಾನ ಆಯ್ತು. ಅಲ್ಲಿ ನಿಮ್ಮ ಕಾಲದ ಡಿವಿಡಿಗಳು ನಾಲ್ಕು ದೊಡ್ಡ ಡಬ್ಬ ಇವೆ. ಏನ್ಮಾಡೋಣ?"

'ನಿಮ್ಮ ಕಾಲದ' ಎಂಬ ಮಾತು ಕೊಂಚ ಚುಚ್ಚಿತು. ಆದರೆ ಹಾಗೆಂದವಳು 2004ರ ರಾಜ್ಯೋತ್ಸವದಲ್ಲಿ ಒನಕೆ ಓಬವ್ವನ ವೇಷ ಹಾಕಿ, ವೇದಿಕೆಯ ಮೇಲೆ ಒನಕೆ ಬೀಳಿಸಿಕೊಂಡು ಅತ್ತಿದ್ದ ಪುಟ್ಟ ಹುಡುಗಿ. ಅವಳೇ ಈಗ ಕಾರ್ಯದರ್ಶಿ ಎಂದಮೇಲೆ ನನ್ನ ಕಾಲ ಹಳೆಯದಾಯಿತು ಎಂದು ಒಪ್ಪಿಕೊಳ್ಳದೆ ವಿಧಿಯಿಲ್ಲ!

"ಕನ್ನಡ ಶಾಲೆಯ ಕಪಾಟಲ್ಲಿ ಒಂದು ಶೂ ಡಬ್ಬದಷ್ಟು ಜಾಗ ಇದೆ. ಹತ್ತು ಸಿನಿಮಾ ಆರಿಸಿಕೊಡಿ ಅಂಕಲ್. ಉಳಿದಿದ್ದನ್ನ ಬೇಕಾದವರಿಗೆ ಕೊಟ್ಟುಬಿಡೋಣ" ಅಂದಳು. ಹೂಂ ಅಂದೆ. ಫೋನ್ ಇಟ್ಟ ಮೇಲೆ ಗೊತ್ತಾಯಿತು, ಎಂಥ ಪೇಚಿಗೆ ಸಿಕ್ಕಿಕೊಂಡೆ ಅಂತ.

ಹೊಸದಾಗಿ ಬಂದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. 2003ರ ಸುಮಾರಿಗೆ ನಮ್ಮ ಒಹಾಯೋದ ಈ ಮೂಲೆಯಲ್ಲಿ ಕನ್ನಡ ಸಿನಿಮಾ ನೋಡಬೇಕೆಂದರೆ ದಾರಿಯೇ ಇರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿದ್ದವು, ಎಲ್ಲವೂ ಹಿಂದಿ. "ಕನ್ನಡದ್ದು ಇದೆಯಾ?" ಎಂದರೆ ಅಂಗಡಿಯವನು ತಮಿಳಿನದ್ದು ತೋರಿಸುತ್ತಿದ್ದ. ಆಗ ನಾವು ಐದಾರು ಮನೆಯವರು ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಬೆಂಗಳೂರಿಗೆ ಹೋದವರೆಲ್ಲ ಬರುವಾಗ ನಾಲ್ಕು ಸಿನಿಮಾ ತರಬೇಕು. ಹಾಗೆ ಸಾರಿನ ಪುಡಿ, ಚಕ್ಕುಲಿ, ಉಪ್ಪಿನಕಾಯಿಗಳ ನಡುವೆ ರೇಷ್ಮೆ ಸೀರೆಯಲ್ಲಿ ಸುತ್ತಿಕೊಂಡು ಬಂದ ಡಿಸ್ಕುಗಳೇ ನಮ್ಮ ಕೂಟದ ಲೈಬ್ರರಿ. ವಾರಕ್ಕೆ ಒಂದು ಡಾಲರ್ ಬಾಡಿಗೆ. ಲೆಕ್ಕ ಬರೆಯಲು ಒಂದು ಉದ್ದನೆಯ ನೋಟ್‌ಬುಕ್. ಅದರ ಯಜಮಾನ ನಾನು.

ಮೊದಲು ಬಂದವು ವಿಸಿಡಿಗಳು. ಒಂದು ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು ಎಂಬತ್ತು ನಿಮಿಷದಷ್ಟೇ. ಹಾಗಾಗಿ ಸಿನಿಮಾ ಎರಡು ಅಥವಾ ಮೂರು ತುಂಡಾಗಿ ಬರುತ್ತಿತ್ತು. ತುಂಡು ಮಾಡುವವರಿಗೆ ಇಂಟರ್‌ವಲ್ ಎಲ್ಲಿ ಎಂಬ ಚಿಂತೆಯಿಲ್ಲ. ಹಾಡಿನ ಪಲ್ಲವಿ ಒಂದರಲ್ಲಿ, ಚರಣ ಇನ್ನೊಂದರಲ್ಲಿ! ಆಮೇಲೆ ಡಿವಿಡಿ ಬಂತು. ಚಿತ್ರ ಸ್ವಚ್ಛ, ಅದೃಷ್ಟವಿದ್ದರೆ ಇಂಗ್ಲಿಷ್ ಸಬ್‌ಟೈಟಲ್ಲೂ ಉಂಟು. ಆದರೆ ಬೇರೆ ತಲೆನೋವು ಶುರುವಾಯಿತು. ಭಾರತದ ಟೀವಿ ಪದ್ಧತಿ ಪಾಲ್, ಅಮೆರಿಕದ್ದು ಎನ್‌ಟಿಎಸ್‌ಸಿ. ಭಾರತ 5ನೇ ರೀಜನ್, ಅಮೆರಿಕ 1ನೇ ರೀಜನ್. ಅಲ್ಲಿ ಕೊಂಡದ್ದು ಇಲ್ಲಿ ಓಡುತ್ತದೋ ಇಲ್ಲವೋ ಎಂಬುದು ಹಾಕಿ ನೋಡಿದ ಮೇಲೇ ಗೊತ್ತಾಗುತ್ತಿತ್ತು. ಇನ್ನೊಂದು ತಮಾಷೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ. ಪಾಲ್ ಡಿಸ್ಕ್ ಓಡುವುದು 25ರಲ್ಲಿ. ಆದ್ದರಿಂದ ಎಲ್ಲವೂ ನೂರಕ್ಕೆ ನಾಲ್ಕರಷ್ಟು ಬೇಗ, ದನಿಯೂ ಸ್ವಲ್ಪ ಎತ್ತರ. "ಅಣ್ಣಾವ್ರ ಗಂಟಲಿಗೆ ಏನಾಗಿದೆ?" ಎಂದು ಆ ಕಾಲದಲ್ಲಿ ನನ್ನನ್ನು ಕೇಳಿದವರಿಗೆ ಇದು ತಡವಾದ ಉತ್ತರ.

"ಈಗೆಲ್ಲ ಫೋನಿನಲ್ಲೇ ಸಿಗುತ್ತದಲ್ಲ, ಡಿಸ್ಕ್ ಯಾಕೆ?" ಎಂದು ನೀವು ಕೇಳಬಹುದು. ನನ್ನ ಮಗಳೂ ಕೇಳಿದಳು. 2023ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನವರೇ ಅಂಚೆಯಲ್ಲಿ ಡಿಸ್ಕ್ ಕಳಿಸುವುದನ್ನು ನಿಲ್ಲಿಸಿದರಲ್ಲ ಎಂದು ವಾದ ಹೂಡಿದಳು. ನಿಜ. ಆದರೆ ಆನ್‌ಲೈನಿನಲ್ಲಿ ಸಿಗುವುದು ನಮ್ಮದಲ್ಲ. ಹಕ್ಕಿನ ಅವಧಿ ಮುಗಿದ ದಿನ ಸಿನಿಮಾ ಅಲ್ಲಿಂದ ಮಾಯ. ಇದ್ದರೂ ಕೆಲವು ಹಳೆಯ ಚಿತ್ರಗಳಲ್ಲಿ ಅರ್ಧ ಹಾಡು ಕತ್ತರಿಸಿರುತ್ತಾರೆ, ನಾಯಕಿಯ ಮುಖದ ಮೇಲೆ ಯಾರದೋ ಲೋಗೋ ಕೂತಿರುತ್ತದೆ. ಸಿನಿಮಾ ಕಳೆದುಹೋಗುವುದು ದೊಡ್ಡ ವಿಷಯವೇನಲ್ಲ ಎಂದುಕೊಂಡಿದ್ದರೆ ಇದನ್ನು ಕೇಳಿ. ಕನ್ನಡದ ಮೊಟ್ಟಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನ'. ಅದರ ಒಂದೇ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಇನ್ನೊಂದು ಕಡೆ, ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ಚಿತ್ರ ಭಂಡಾರದಲ್ಲಿ ಉಳಿದಿತ್ತು. ಅದರಿಂದ ಹೊಸದಾಗಿ ಸಿದ್ಧಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಯಾರೋ ಇಟ್ಟುಕೊಂಡಿದ್ದರು, ಆದ್ದರಿಂದ ಉಳಿಯಿತು. ಅಷ್ಟೇ ವ್ಯತ್ಯಾಸ.

ಸರಿ, ಪಟ್ಟಿಗೆ ಬರೋಣ. ನಾನು ಮಾಡಿಕೊಂಡ ನಿಯಮಗಳು ಮೂರು. ಒಂದು, ಒಮ್ಮೆ ನೋಡಿ ಮುಗಿಯುವ ಚಿತ್ರ ಬೇಡ, ಮತ್ತೆ ನೋಡಬೇಕೆನ್ನಿಸಬೇಕು. ಎರಡು, ಕಡೇ ಪಕ್ಷ ಎರಡು ತಲೆಮಾರಿನವರು ಒಂದೇ ಸೋಫಾದಲ್ಲಿ ಕೂತು ನೋಡುವಂತಿರಬೇಕು. ಮೂರು, ನನ್ನ ಇಷ್ಟವೊಂದೇ ಸಾಲದು, ನೋಟ್‌ಬುಕ್ಕಿಗೂ ಒಂದು ವೋಟು. ಯಾರು ಯಾವುದನ್ನು ಎಷ್ಟು ಸಲ ಒಯ್ದರು ಎಂಬುದಕ್ಕಿಂತ ದೊಡ್ಡ ವಿಮರ್ಶೆ ಇನ್ನೇನಿದೆ? ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ.

10. ಮುಂಗಾರು ಮಳೆ (2006)

ಯೋಗರಾಜ ಭಟ್ಟರ ಚಿತ್ರ, ಗಣೇಶ್ ನಾಯಕ. ಇಲ್ಲಿ ಹುಟ್ಟಿದ ಮಕ್ಕಳು ಯಾರೂ ಹೇಳದೆ ತಾವಾಗಿಯೇ ಕೇಳಿ ಒಯ್ದ ಮೊದಲ ಕನ್ನಡ ಚಿತ್ರ ಇದು ಎಂದು ನೋಟ್‌ಬುಕ್ ಹೇಳುತ್ತದೆ. ಸಂಗೀತ ಕೊಟ್ಟ ಮನೋಮೂರ್ತಿ ನಮ್ಮ ಹಾಗೇ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಎಂಬ ಹೆಮ್ಮೆ ಬೇರೆ. ಮಳೆಯಲ್ಲಿ ನೆನೆದ ಜೋಗ ನೋಡಿ ನಮ್ಮ ಹುಡುಗರು "ಇದು ನಯಾಗರಾಕ್ಕಿಂತ ಚೆನ್ನಾಗಿದೆ" ಅಂದಾಗ ನನ್ನ ಎದೆ ಉಬ್ಬಿತು. ಮರು ಬೇಸಿಗೆ ಕರೆದುಕೊಂಡು ಹೋದರೆ ಜೋಗದಲ್ಲಿ ನೀರೇ ಇರಲಿಲ್ಲ, ಆ ಮಾತು ಬೇರೆ!

9. ಅಮೆರಿಕ! ಅಮೆರಿಕ!!

ನಾಗತಿಹಳ್ಳಿ ಚಂದ್ರಶೇಖರರ ಚಿತ್ರ, ಇದಕ್ಕೂ ಮನೋಮೂರ್ತಿಯವರದೇ ಸಂಗೀತ. ಗೋಪಾಲಕೃಷ್ಣ ಅಡಿಗರ ಕವಿತೆಯೊಂದು ಇಲ್ಲಿ ಹಾಡಾಗಿ ಮನೆಮನೆ ತಲುಪಿತು. ಜತೆಯಲ್ಲಿ ಬೆಳೆದ ಮೂವರಲ್ಲಿ ಒಬ್ಬ ಅಮೆರಿಕಕ್ಕೆ ಹಾರುತ್ತಾನೆ, ಒಬ್ಬ ಊರಲ್ಲೇ ಉಳಿಯುತ್ತಾನೆ, ನಡುವೆ ಒಬ್ಬ ಹುಡುಗಿ. ಹಾರಿದವನನ್ನು ಚಿತ್ರ ಸ್ವಲ್ಪ ಹೆಚ್ಚೇ ಬೈದಿದೆ ಎಂದು ನಮ್ಮ ಪಾಟ್‌ಲಕ್‌ಗಳಲ್ಲಿ ಜಗಳ ಆಗಿದೆ. "ನಾವು ಅಷ್ಟು ಕೆಟ್ಟವರೇನ್ರೀ?" ಅಂತ ಒಬ್ಬರು, "ಕನ್ನಡಿ ನೋಡಿ ಕೋಪ ಯಾಕೆ?" ಅಂತ ಇನ್ನೊಬ್ಬರು. ಜಗಳ ಹುಟ್ಟಿಸುವ ಚಿತ್ರ ಮನೆಯಲ್ಲಿರಬೇಕು.

8. ಬಬ್ರುವಾಹನ (1977)

ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ಅರ್ಜುನನೂ ರಾಜ್‌ಕುಮಾರ್, ಅವನೊಡನೆ ಕಾದುವ ಮಗ ಬಬ್ರುವಾಹನನೂ ರಾಜ್‌ಕುಮಾರ್. ಮಕ್ಕಳಿಗೆ ಬಾಣ, ಗದೆ, ಸರ್ಪಾಸ್ತ್ರ ಸಾಕು. ನಮಗೆ ಆ ಮಾತು. ಅಲ್ಪಪ್ರಾಣ ಮಹಾಪ್ರಾಣಗಳು ಒಂದೊಂದೂ ಬಿಡಿಬಿಡಿಯಾಗಿ, ಗಂಟೆ ಹೊಡೆದ ಹಾಗೆ ಕೇಳುತ್ತವೆ. ಕನ್ನಡ ಶಾಲೆಯಲ್ಲಿ 'ದ' ಮತ್ತು 'ಧ' ವ್ಯತ್ಯಾಸ ಕಲಿಸಲು ನಾನು ಒಂದು ವರ್ಷ ಹೆಣಗಾಡಿದ್ದೆ. ಈ ಡಿಸ್ಕ್ ಒಂದು ಸಂಜೆಯಲ್ಲಿ ಮುಗಿಸಿತು.

7. ನಾಗರಹಾವು (1972)

ತ.ರಾ.ಸು. ಅವರ ಕಾದಂಬರಿಗಳು, ಪುಟ್ಟಣ್ಣ ಕಣಗಾಲರ ಕೈ, ಚಿತ್ರದುರ್ಗದ ಕಲ್ಲು. ವಿಷ್ಣುವರ್ಧನ್ ನಾಯಕನಾದದ್ದು ಇಲ್ಲಿಂದ. 2018ರಲ್ಲಿ ಹೊಸ ತಂತ್ರಜ್ಞಾನದ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೂ ಬಂತು. ಹದಿಹರೆಯದವರು ರಾಮಾಚಾರಿಗಾಗಿ ನೋಡುತ್ತಾರೆ. ಮಕ್ಕಳು ದೊಡ್ಡವರಾಗಿ ದೂರ ಹೋದ ಮೇಲೆ ನಾವು ಅಶ್ವತ್ಥರ ಚಾಮಯ್ಯ ಮೇಷ್ಟ್ರಿಗಾಗಿ ನೋಡುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಬುದ್ಧಿಮಾತು ಒಂದು ಜೀವವನ್ನು ಹೇಗೆ ಮುರಿಯಬಹುದು ಎಂಬುದು ಅಪ್ಪಂದಿರಿಗೆ ತಡವಾಗಿ ಅರ್ಥವಾಗುವ ಪಾಠ. ಅಂದ ಹಾಗೆ, ಈ ಚಿತ್ರದಲ್ಲಿ ಒನಕೆ ಓಬವ್ವನಾಗಿ ಬರುವ ಜಯಂತಿಯವರನ್ನು ನೋಡಿಯೇ ನಮ್ಮ ಕಾರ್ಯದರ್ಶಿ ಆ ವೇಷಕ್ಕೆ ಹಠ ಹಿಡಿದದ್ದು.

6. ಸಂಸ್ಕಾರ (1970)

ಇದು ನನ್ನ ಮಗಳ ವೋಟು. ಕಾಲೇಜಿನಲ್ಲಿ ಅವಳಿಗೆ ಯು.ಆರ್. ಅನಂತಮೂರ್ತಿಯವರ ಕಾದಂಬರಿ ಪಾಠಕ್ಕಿತ್ತು, ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ. ರಜೆಗೆ ಮನೆಗೆ ಬಂದವಳು "ಅಪ್ಪ, ಇದು ಸಿನಿಮಾ ಆಗಿದೆಯಂತೆ, ನಿಮ್ಮ ಡಬ್ಬದಲ್ಲಿ ಇದೆಯಾ?" ಎಂದಾಗ ನನಗಾದ ಸಂತೋಷ ಹೇಳತೀರದು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್‌ನವರು ಮೊದಲು ತಡೆದು ಕೂರಿಸಿದ್ದ ಚಿತ್ರಕ್ಕೆ ಆಮೇಲೆ ಸ್ವರ್ಣಕಮಲವೇ ಬಂತು, ಕನ್ನಡಕ್ಕೆ ಬಂದ ಮೊದಲನೆಯದು. ಸಬ್‌ಟೈಟಲ್ ಇರುವ ನಮ್ಮ ಪ್ರತಿಯನ್ನು ಅವಳು ತರಗತಿಗೆ ಒಯ್ದು ತೋರಿಸಿದಳು. ಬಾಡಿಗೆ ಕೇಳಲಿಲ್ಲ.

5. ಭೂತಯ್ಯನ ಮಗ ಅಯ್ಯು (1974)

ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆ, ಸಿದ್ದಲಿಂಗಯ್ಯನವರ ನಿರ್ದೇಶನ. ಗೊರೂರರು ನಮ್ಮ ಈ ದೇಶ ಸುತ್ತಿ 'ಅಮೆರಿಕದಲ್ಲಿ ಗೊರೂರು' ಬರೆದವರು ಎಂಬುದೂ ನಮಗೆ ನೆನಪಿರಬೇಕು. ಊರನ್ನೇ ಹಿಂಡುವ ಭೂತಯ್ಯನಾಗಿ ಎಂ.ಪಿ. ಶಂಕರ್, ಮಗ ಅಯ್ಯುವಾಗಿ ಲೋಕೇಶ್, ಎದುರಿಗೆ ವಿಷ್ಣುವರ್ಧನ್. ದ್ವೇಷ ಎರಡು ಮನೆಗಳನ್ನು ಹೇಗೆ ತಿನ್ನುತ್ತದೆ, ಕೊನೆಗೆ ಹೇಗೆ ಕರಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಚಿತ್ರ ಕಡಿಮೆ. ಆದರೆ ನಮ್ಮ ಡಿಸ್ಕಿನ ಮೇಲೆ ಗೀರು ಬಿದ್ದಿರುವುದು ಒಂದೇ ಜಾಗದಲ್ಲಿ. ಲೋಕನಾಥರು ಉಪ್ಪಿನಕಾಯಿ ತಿನ್ನುವ ದೃಶ್ಯ! ಎಷ್ಟು ಮನೆಗಳಲ್ಲಿ ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದಾರೋ ದೇವರೇ ಬಲ್ಲ. ಊರಿನಿಂದ ತಂದ ಉಪ್ಪಿನಕಾಯಿ ಖಾಲಿಯಾದ ದಿನ ಮಾತ್ರ ಇದನ್ನು ನೋಡಬೇಡಿ.

4. ಶರಪಂಜರ (1971)

ಇದು ನನ್ನ ಹೆಂಡತಿಯ ವೋಟು, ಇದರ ಬಗ್ಗೆ ಚರ್ಚೆಯಿಲ್ಲ ಎಂದಿದ್ದಾಳೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ಬಿದ್ದ ಹೆಣ್ಣು ಗುಣವಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ಹೋಗಿದೆ, ಸುತ್ತಲಿನವರ ಅನುಮಾನ ಹೋಗಿಲ್ಲ. ಆ ಅನುಮಾನವೇ ಅವಳನ್ನು ಮತ್ತೆ ತಳ್ಳುತ್ತದೆ. ನಾನು ಇದನ್ನು ಕಲ್ಪನಾರ ಅಭಿನಯಕ್ಕಾಗಿ ನೋಡಿದ್ದೆ. ಒಂದು ರಾತ್ರಿ ಸಿನಿಮಾ ಮುಗಿದ ಮೇಲೆ ಹೆಂಡತಿ ಹೇಳಿದಳು, "ಮಗು ಹುಟ್ಟಿದ ವರ್ಷ ಆ ಚಳಿಗಾಲದಲ್ಲಿ ನಾನೂ ಹೀಗೇ ಇದ್ದೆ. ನೀವು ಆಫೀಸಿಗೆ ಹೋದ ಮೇಲೆ ಸಂಜೆವರೆಗೂ ಅಳ್ತಿದ್ದೆ. ಅಮ್ಮನ ವೀಸಾ ಆಗಿರಲಿಲ್ಲ. ನಿಮಗೆ ಗೊತ್ತೇ ಆಗಲಿಲ್ಲ." ಇಪ್ಪತ್ತು ವರ್ಷ ನನಗೆ ಗೊತ್ತಿರಲಿಲ್ಲ. ಇಲ್ಲಿ ಹೊಸದಾಗಿ ತಂದೆಯಾಗುವ ಹುಡುಗರಿಗೆ ನಾನು ಈ ಚಿತ್ರವನ್ನು ಕೈಗೇ ಕೊಡುತ್ತಿದ್ದೆ, ಕಾರಣ ಹೇಳುತ್ತಿರಲಿಲ್ಲ. ಇವತ್ತು ಹೇಳಿದ್ದೇನೆ.

3. ತಬರನ ಕಥೆ (1986)

ಪೂರ್ಣಚಂದ್ರ ತೇಜಸ್ವಿಯವರ ಕತೆ, ಕಾಸರವಳ್ಳಿಯವರ ಚಿತ್ರ. ಸ್ವರ್ಣಕಮಲ ಇದಕ್ಕೆ, ಶ್ರೇಷ್ಠ ನಟ ಪ್ರಶಸ್ತಿ ಚಾರುಹಾಸನ್ ಅವರಿಗೆ. ನಿವೃತ್ತನಾದ ಜವಾನ ತಬರ ಹೆಂಡತಿಯ ಕಾಲಿನ ಗಾಯಕ್ಕೆ ಚಿಕಿತ್ಸೆ ಮಾಡಿಸಲು ತನ್ನದೇ ಪೆನ್ಶನ್ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಒಂದೊಂದು ನಿಯಮ ಇದೆ. ಅಪ್ಪ ತೀರಿಕೊಂಡ ಮೇಲೆ ಎರಡು ವಾರದ ರಜೆ ಹಾಕಿ ಊರಿಗೆ ಹೋಗಿ, ಖಾತೆ ಬದಲಾವಣೆಗೆಂದು ಕಚೇರಿಯ ಬೆಂಚಿನ ಮೇಲೆ ಒಂಬತ್ತು ದಿನ ಕೂತವನು ನಾನು. ಪಕ್ಕದಲ್ಲಿ ಫೈಲು ಎದೆಗವಚಿಕೊಂಡು ಕೂತಿದ್ದ ಮುದುಕರೊಬ್ಬರನ್ನು ನೋಡಿದಾಗ ನನಗೆ ನೆನಪಾದದ್ದು ತಬರ. ನನಗೆ ವಾಪಸ್ ಬರಲು ವಿಮಾನದ ಟಿಕೆಟ್ಟಿತ್ತು, ಅವರಿಗೆ ಇರಲಿಲ್ಲ.

2. ಬಂಗಾರದ ಮನುಷ್ಯ (1972)

ನಾನೊಬ್ಬನೇ ತೀರ್ಪುಗಾರನಾಗಿದ್ದರೆ ಇದೇ ಮೊದಲನೆಯದು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಇದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯ ಹಿಡಿದವರ ಕತೆ ನೀವೂ ಕೇಳಿರುತ್ತೀರಿ.

2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ನಾವು ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಇದೇ ಡಿಸ್ಕ್ ಹಾಕಿ ತೋರಿಸಿದೆವು. ಆಗ ನನ್ನ ಅಪ್ಪ ಇಲ್ಲಿಗೆ ಬಂದಿದ್ದರು. ನನ್ನ ಇಂಜಿನಿಯರಿಂಗ್ ಫೀಸಿಗೆ ಅವರು ನೀರಾವರಿ ಜಮೀನು ಒಂದು ಎಕರೆ ಮಾರಿದ್ದರು, ಅದನ್ನು ಒಂದು ದಿನವೂ ಬಾಯಲ್ಲಿ ಆಡಿದವರಲ್ಲ. ತಾನು ಕಟ್ಟಿ ಬೆಳೆಸಿದ್ದನ್ನೆಲ್ಲ ಬಿಟ್ಟು ರಾಜೀವ ಹೊರಟುಹೋಗುವ ಕೊನೆಯ ದೃಶ್ಯದಲ್ಲಿ ಇಡೀ ಹಾಲ್ ಮೂಗು ಸೀಟುತ್ತಿತ್ತು. ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಕೊನೇಲಿ ಅವನು ಎಲ್ಲಿಗೆ ಹೋದ ಅಂತ ತೋರಿಸೋದೇ ಇಲ್ಲ ನೋಡು" ಅಂದರು. ನಾನು ಏನೂ ಹೇಳಲಿಲ್ಲ. "ಅಮೆರಿಕಕ್ಕೇ ಬಂದಿರಬೇಕು" ಎಂದು ನಕ್ಕರು. ನಾನೂ ನಕ್ಕೆ. ಆ ನಗು ಇನ್ನೂ ನನ್ನ ಗಂಟಲಲ್ಲಿದೆ.

1. ಗಣೇಶನ ಮದುವೆ (1990)

ಬೈಯಬೇಡಿ! ಸ್ವರ್ಣಕಮಲಗಳನ್ನೆಲ್ಲ ಹಿಂದೆ ಹಾಕಿ ಫಣಿ ರಾಮಚಂದ್ರರ ನಗೆಚಿತ್ರ ಮೊದಲ ಸ್ಥಾನಕ್ಕೆ ಬಂದದ್ದು ನನಗೂ ಆಶ್ಚರ್ಯವೇ. ಆದರೆ ನೋಟ್‌ಬುಕ್ ಸುಳ್ಳು ಹೇಳುವುದಿಲ್ಲ. ಅತಿ ಹೆಚ್ಚು ಸಲ ಹೊರಗೆ ಹೋದದ್ದು ಇದೇ. ಸವೆದು ಸವೆದು ಮೂರು ಸಲ ಹೊಸದು ತರಿಸಿದ್ದೇವೆ. ಅನಂತನಾಗ್, ವಿನಯಾ ಪ್ರಸಾದ್, ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಬೆಂಗಳೂರಿನ ಒಂದು ವಠಾರ, ಬಾಡಿಗೆಯ ಜಗಳ, ಪ್ರೇಮದ ಗೊಂದಲ, ಅಷ್ಟೇ.

ನೋಟ್‌ಬುಕ್ಕಿನ 2009ರ ಪುಟಗಳಲ್ಲಿ ಒಂದು ಚಳಿಗಾಲ ಪೂರ್ತಿ ಇದರ ಎದುರಿಗೆ ಒಂದೇ ಮನೆಯ ಹೆಸರಿದೆ. ನಮ್ಮ ಸದಸ್ಯರೊಬ್ಬರ ತಾಯಿ, ಆರು ತಿಂಗಳಿಗೆಂದು ಬಂದವರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ, ಮೊಮ್ಮಗ ಡೇಕೇರ್‌ಗೆ. ಪ್ರತಿ ಭಾನುವಾರ ಡಿಸ್ಕ್ ತಂದು, ಅದನ್ನೇ ಮತ್ತೆ ಬರೆಸಿ ಒಯ್ಯುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ, "ಅಮ್ಮಾ, ಬೇರೆ ಎಷ್ಟೊಂದು ಇದೆ. ಇದು ಇಷ್ಟು ಸಲ ನೋಡಿದರೂ ಬೇಜಾರಾಗಲ್ವಾ?"

"ನೋಡೋದು ಯಾರಪ್ಪಾ" ಅಂದರು. "ಬೆಳಗ್ಗೆ ಅವರೆಲ್ಲ ಹೊರಟ ಮೇಲೆ ಹಾಕಿಟ್ಟು ನನ್ನ ಪಾಡಿಗೆ ಅಡುಗೆ ಮಾಡ್ತೀನಿ. ಅದರಲ್ಲಿ ವಠಾರ ಇದೆಯಲ್ಲ, ಯಾರೋ ಒಬ್ರು ಮಾತಾಡ್ತಾನೇ ಇರ್ತಾರೆ. ಮನೇಲಿ ಜನ ಇದ್ದ ಹಾಗಿರತ್ತೆ."

ನನಗೆ ಅವತ್ತು ಉತ್ತರ ಹೊಳೆಯಲಿಲ್ಲ. ಕಿಟಕಿಯ ಆಚೆ ಹಿಮ, ಒಳಗೆ ಹೀಟರಿನ ಸದ್ದು, ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಆ ಮನೆಯ ಅಡುಗೆಮನೆಗೆ ಒಂದು ಇಡೀ ವಠಾರ ಒಂದು ಡಾಲರಿಗೆ ಬಂದು ಕೂರುತ್ತಿತ್ತು. ಇಟ್ಟುಕೊಳ್ಳಬೇಕಾದ ಸಿನಿಮಾ ಯಾವುದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಶ್ರೇಷ್ಠ ಚಿತ್ರವನ್ನು ಎಲ್ಲಿ ಬೇಕಾದರೂ ಹುಡುಕಿ ನೋಡಬಹುದು. ಮನೆಯಲ್ಲಿ ಇರಬೇಕಾದದ್ದು, ನಮ್ಮ ಜತೆ ಇರುವ ಚಿತ್ರ.

ಇನ್ನು ಒಂದೆರಡು ಉಪಯುಕ್ತ ಮಾತು. ಡಿಸ್ಕುಗಳನ್ನು ಮಲಗಿಸಿ ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿ, ಬಿಸಿಲು ತಾಗದ ಜಾಗದಲ್ಲಿಡಿ. ಒರೆಸುವಾಗ ಗಾಣದೆತ್ತಿನ ಹಾಗೆ ಸುತ್ತಬೇಡಿ, ನಡುವಿನಿಂದ ಅಂಚಿಗೆ ನೇರವಾಗಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಕಂಪನಿಯಲ್ಲಿ ಅಚ್ಚಾದ ಡಿಸ್ಕಿಗಿಂತ ಮನೆಯಲ್ಲಿ ಬರ್ನ್ ಮಾಡಿದ್ದು ಬೇಗ ಕೆಡುತ್ತದೆ, ಅದರೊಳಗಿನ ಬಣ್ಣದ ಪದರ ಕಾಲ ಕಳೆದಂತೆ ಹಾಳಾಗುತ್ತದೆ. ನಿಮ್ಮ ಮದುವೆ, ಮಗುವಿನ ನಾಮಕರಣ, ಅಜ್ಜಿಯ ಹಾಡು ಅಂಥ ಡಿಸ್ಕಿನಲ್ಲಿದ್ದರೆ ಈ ವಾರಾಂತ್ಯವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುಂದಿನ ವರ್ಷ ಎನ್ನಬೇಡಿ.

ಉಳಿದ ಡಿಸ್ಕುಗಳನ್ನು ರಾಜ್ಯೋತ್ಸವದ ದಿನ ಊಟದ ಹಾಲಿನ ಬಾಗಿಲ ಬಳಿ ಮೇಜಿನ ಮೇಲಿಡುತ್ತೇವೆ. ಬೇಕಾದವರು ಒಯ್ಯಿರಿ, ದುಡ್ಡು ಬೇಡ. ಪ್ಲೇಯರ್ ಇಲ್ಲದವರು ಬೇಸ್‌ಮೆಂಟಿನಲ್ಲಿ ಒಮ್ಮೆ ಹುಡುಕಿ, ಇರುತ್ತದೆ. ನನ್ನ ಪಟ್ಟಿ ಒಪ್ಪದವರು ಅಲ್ಲೇ ಬಂದು ಜಗಳವಾಡಬಹುದು, ಹೋಳಿಗೆ ತಿಂದ ಮೇಲೆ.

ಕೊನೆಯದಾಗಿ ಒಂದು ವಿನಂತಿ. ನೋಟ್‌ಬುಕ್ಕಿನ ಪ್ರಕಾರ ಹದಿನೇಳು ಡಿಸ್ಕುಗಳು ಇನ್ನೂ ವಾಪಸ್ ಬಂದಿಲ್ಲ. 2008ರಲ್ಲಿ 'ಒಂದಾನೊಂದು ಕಾಲದಲ್ಲಿ' ಒಯ್ದವರು ಯಾರೆಂದು ನನಗೆ ಗೊತ್ತು, ಅವರಿಗೂ ಗೊತ್ತು! ದಂಡ ಪೂರ್ತಿ ಮಾಫಿ, ದಯವಿಟ್ಟು ತಂದುಕೊಡಿ.

ಆ ಹದಿನೇಳರಲ್ಲಿ ಒಂದು 'ಗಣೇಶನ ಮದುವೆ'. ಊರಿಗೆ ಹೊರಡುವ ಹಿಂದಿನ ವಾರ ಆ ತಾಯಿ ಬರೆಸಿಕೊಂಡು ಹೋದದ್ದು. ಎರಡು ವರ್ಷದ ಮೇಲೆ ಅವರು ಮೈಸೂರಿನಲ್ಲಿ ತೀರಿಕೊಂಡರು ಎಂಬ ಸುದ್ದಿ ಬಂತು. ಅವರ ಮಗ ಡಿಸ್ಕ್ ಹಿಂತಿರುಗಿಸಲಿಲ್ಲ, ನಾನು ಕೇಳಲೂ ಇಲ್ಲ. ಅದೊಂದು ಬೇಡ, ಅವರ ಮನೆಯಲ್ಲೇ ಇರಲಿ.

ಸಿರಿಗನ್ನಡಂ ಗೆಲ್ಗೆ.